ಒಂದೇ ಪಟ್ಟಿಗೆ ಕೂತು ನೋಡಲು ಯೋಗ್ಯವಾದ ಕೆಲವು ಧಾರಾವಾಹಿಗಳು

(ಓದುಗರ ಬಳಗವೊಂದರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ರಜೆಯ ದಿನಗಳಲ್ಲಿ ಒಂದೇ ಪಟ್ಟಿಗೆ ಕೂತು ನೋಡಬಹುದಾದ ಧಾರಾವಾಹಿ, ಹಾಸ್ಯ ಸರಣಿ ಹಾಗೂ ಸಾಕ್ಷ್ಯಚಿತ್ರಗಳ ಬಗ್ಗೆ ಮಾತಾಡಬೇಕೆಂದು ಬಳಗದ ಹಿರಿಯರು ಕೇಳಿದ್ದಾರೆ. ಬರೀ ಹೆಸರುಗಳು ಬೇಕಿದ್ದರೆ ಅವು ನಿಮ್ಮ ಕೈಯಲ್ಲಿರುವ ಫೋನಿನಲ್ಲೇ ಸಿಗುತ್ತವೆ. ಆದ್ದರಿಂದ ನಾನು ಕೆಲವೇ ಕೃತಿಗಳನ್ನು ಆರಿಸಿಕೊಂಡು, ಅವುಗಳನ್ನು ಬಿಡುವು ಕೊಡದೆ ನೋಡಿದರೆ ದಕ್ಕುವುದೇನು, ವಾರಕ್ಕೊಂದರಂತೆ ನೋಡಿದರೆ ಕೈತಪ್ಪಿ ಹೋಗುವುದೇನು ಎಂಬುದನ್ನು ಹೇಳಲು ಪ್ರಯತ್ನಿಸುತ್ತೇನೆ.

ಎಲ್ಲ ಕಂತುಗಳನ್ನೂ ಒಮ್ಮೆಗೇ ನೋಡುವ ಅಭ್ಯಾಸ ಡಿವಿಡಿಗಳ ಕಾಲದಲ್ಲೇ ಇತ್ತಾದರೂ, ಅದು ಉದ್ಯಮದ ನಿಯಮವಾದದ್ದು 2013ರ ಫೆಬ್ರವರಿ 1ರ ನಂತರ. ಅಂದು ನೆಟ್‌ಫ್ಲಿಕ್ಸ್ ಸಂಸ್ಥೆ ‘ಹೌಸ್ ಆಫ್ ಕಾರ್ಡ್ಸ್’ ಸರಣಿಯ ಮೊದಲ ಸೀಸನ್ನಿನ 13 ಕಂತುಗಳನ್ನೂ ಒಟ್ಟಿಗೆ ಬಿಡುಗಡೆ ಮಾಡಿತು. ನಾಲ್ಕು ವರ್ಷಗಳ ನಂತರ ಅದೇ ಸಂಸ್ಥೆಯ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್, ತಮ್ಮ ನಿಜವಾದ ಪೈಪೋಟಿ ಜನರ ನಿದ್ದೆಯೊಂದಿಗೆ ಎಂಬ ಅರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದರು. ಆ ಮಾತಿನ ಪರಿಣಾಮವನ್ನು ನಾವೆಲ್ಲ ಕಂಡಿದ್ದೇವೆ: ಒಂದು ಕಂತು ಮುಗಿದು ಕಲಾವಿದರ ಹೆಸರುಗಳು ಬರುವ ಮೊದಲೇ ಮುಂದಿನದು ತಾನಾಗಿ ಶುರುವಾಗುತ್ತದೆ. ಇಂಥ ವ್ಯವಸ್ಥೆಗೆಂದೇ ಬರೆದ ಅನೇಕ ಸರಣಿಗಳಲ್ಲಿ ನಡುವಿನ ನಲವತ್ತು ನಿಮಿಷಕ್ಕಿಂತ ಕೊನೆಯ ಎರಡು ನಿಮಿಷಕ್ಕೇ ಹೆಚ್ಚು ಶ್ರಮ ಸುರಿದಿರುತ್ತಾರೆ. ಬಾಗಿಲು ತಟ್ಟಿದ ಸದ್ದು, ಫೋನಿನಲ್ಲಿ ಕೇಳಿದ ಅಪರಿಚಿತ ದನಿ, ಸತ್ತನೆಂದುಕೊಂಡವನ ಮುಖ, ಇವು ನಮ್ಮನ್ನು ಮುಂದಿನ ಕಂತಿಗೆ ಎಳೆದೊಯ್ಯುತ್ತವೆ; ಹದಿನೈದು ದಿನಗಳ ನಂತರ ಕಥೆ ಏನಿತ್ತೆಂದು ಕೇಳಿದರೆ ಹೇಳಲು ಏನೂ ಉಳಿದಿರುವುದಿಲ್ಲ.

ನನ್ನ ಅಳತೆಗೋಲು ಇಷ್ಟೇ. ಮುಂದಿನ ಕಂತಿಗೆ ನನ್ನನ್ನು ಕೂರಿಸಿದ್ದು ಕೊನೆಯ ಕ್ಷಣದಲ್ಲಿ ಹಾಕಿದ ಗಂಟೋ, ಅದುವರೆಗೆ ನೋಡಿದ್ದರ ನೆನಪೋ? ನೆನಪು ಕೂಡಿಕೊಳ್ಳುತ್ತಾ ಹೋಗುವ ಕೃತಿಗಳು, ಹಿಂದಿನ ದೃಶ್ಯದ ಮೇಲೆ ಮುಂದಿನ ದೃಶ್ಯ ಬೆಳಕು ಚೆಲ್ಲುವ ಕೃತಿಗಳು ಮಾತ್ರ ಒಂದೇ ಪಟ್ಟಿಗೆ ನೋಡಲು ತಕ್ಕವು. ಇನ್ನೂ ಒಂದು ಸಂಗತಿಯನ್ನು ಗಮನಿಸಿ: ನಾನು ಇಂದು ಹೇಳಲಿರುವ ಹೆಚ್ಚಿನವು ವಾರಕ್ಕೊಂದು ಕಂತಿನಂತೆ ಪ್ರಸಾರವಾಗಲೆಂದು ತಯಾರಾದವು. ವಾರವಿಡೀ ನೋಡುಗರ ಮನಸ್ಸಿನಲ್ಲಿ ಉಳಿಯಬೇಕಾಗಿದ್ದ ಕಾರಣಕ್ಕೇ ಅವುಗಳಲ್ಲಿ ಗಟ್ಟಿತನ ಬಂದಿತೆಂಬುದು ನನ್ನ ನಂಬಿಕೆ.

ಮೊದಲಿಗೆ ‘ತಮಸ್’. ಭೀಷ್ಮ ಸಾಹನಿಯವರ ಹಿಂದಿ ಕಾದಂಬರಿಯನ್ನು ಆಧರಿಸಿ ಗೋವಿಂದ ನಿಹಲಾನಿ ನಿರ್ದೇಶಿಸಿದ ಈ ಧಾರಾವಾಹಿ 1988ರ ಜನವರಿಯಲ್ಲಿ ದೂರದರ್ಶನದಲ್ಲಿ ಪ್ರಸಾರವಾಯಿತು. ಎಲ್ಲ ಕಂತುಗಳನ್ನು ಸೇರಿಸಿದರೆ ಸುಮಾರು ಐದು ಗಂಟೆಯಾಗುತ್ತದೆ. ವಿಭಜನೆಯ ಹೊಸ್ತಿಲಲ್ಲಿದ್ದ ಪಂಜಾಬಿನ ಒಂದು ಪಟ್ಟಣ. ಸತ್ತ ಪ್ರಾಣಿಗಳ ತೊಗಲು ಸುಲಿಯುವ ಕಸುಬಿನ ನತ್ಥು ಎಂಬ ಬಡವ. ಪಶುವೈದ್ಯರಿಗೆ ಬೇಕಾಗಿದೆ ಎಂದು ಸುಳ್ಳು ಹೇಳಿ ಅವನಿಂದ ಒಂದು ಹಂದಿಯನ್ನು ಕೊಲ್ಲಿಸಲು ಐದು ರೂಪಾಯಿಯ ನೋಟು ಕೊಟ್ಟುಹೋದ ಒಬ್ಬ ಸ್ಥಳೀಯ ಪ್ರಭಾವಿ. ಮೊದಲ ದೃಶ್ಯವನ್ನು ದಯವಿಟ್ಟು ಓಡಿಸದೆ ನೋಡಿ. ಇಕ್ಕಟ್ಟಾದ ಕೋಣೆ, ಮಂಕು ದೀಪ, ಬೆವರಿನಲ್ಲಿ ತೊಯ್ದ ಓಂ ಪುರಿಯವರ ಮೈ, ಕತ್ತಿಗೆ ಬಗ್ಗದೆ ಗುಟುರು ಹಾಕುತ್ತಾ ಸುತ್ತುವ ಪ್ರಾಣಿ. ಈ ಕೆಲಸ ತನ್ನಿಂದ ಆಗದೆಂದು ಅವನಿಗೆ ಅನ್ನಿಸುತ್ತಿದೆ, ಆದರೆ ದುಡ್ಡು ಈಗಾಗಲೇ ಕೈಗೆ ಬಂದಿದೆ. ಬೆಳಗಾದ ಮೇಲೆ ಆ ಹಂದಿಯ ಹೆಣ ಮಸೀದಿಯ ಮೆಟ್ಟಿಲ ಮೇಲೆ ಕಾಣಿಸಿಕೊಳ್ಳುತ್ತದೆ, ಅಲ್ಲಿಂದ ಇಡೀ ಪಟ್ಟಣ ಹೊತ್ತಿಕೊಳ್ಳುತ್ತದೆ. ಹತ್ತಾರು ಪಾತ್ರಗಳು ಬಂದುಹೋಗುವ ಮುಂದಿನ ಭಾಗಗಳಲ್ಲಿ ನತ್ಥು ಬಹಳ ಹೊತ್ತು ಕಾಣದೆಯೂ ಇರುತ್ತಾನೆ. ಅವನ ಎದೆಯಲ್ಲಿ ಕೂತಿರುವ ಗುಟ್ಟು ನಮಗೆ ಮಾತ್ರ ಗೊತ್ತು. ವಾರದ ಬಿಡುವು ಬಿದ್ದರೆ ಆ ಗುಟ್ಟಿನ ಭಾರ ಹಗುರವಾಗಿಬಿಡುತ್ತದೆ. ಒಂದೇ ಪಟ್ಟಿಗೆ ನೋಡಿದವರು ಅದನ್ನು ಅವನ ಜೊತೆಗೇ ಕೊನೆಯವರೆಗೂ ಹೊರುತ್ತಾರೆ.

ಈ ಧಾರಾವಾಹಿಯ ಪ್ರಸಾರವನ್ನು ತಡೆಯಬೇಕೆಂದು ಆಗ ನ್ಯಾಯಾಲಯಕ್ಕೆ ಹೋದವರಿದ್ದರು. ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಧಾರಾವಾಹಿಯನ್ನು ಪೂರ್ತಿಯಾಗಿ ನೋಡಿ, ಅದು ದ್ವೇಷವನ್ನು ಹರಡುವುದಿಲ್ಲ, ದ್ವೇಷದ ಹಿಂದಿನ ಕೈಗಳನ್ನು ತೋರಿಸಿಕೊಡುತ್ತದೆ ಎಂಬ ನಿಲುವಿಗೆ ಬಂದರು. ಸುಪ್ರೀಂ ಕೋರ್ಟ್ ಅದೇ ವರ್ಷ ಅದನ್ನು ಎತ್ತಿಹಿಡಿಯಿತು. ಈ ಪ್ರಕರಣವನ್ನು ಪ್ರಸ್ತಾಪಿಸಲು ಕಾರಣವಿದೆ. ಕೇವಲ ಮೊದಲ ಕಂತನ್ನು ನೋಡಿದವರಿಗೆ ಭಯವಾಗುವುದು ಸಹಜ. ಕೃತಿಯ ನ್ಯಾಯ ಇರುವುದು ಅದರ ಒಟ್ಟು ಹರಿವಿನಲ್ಲಿ. ಗಲಭೆಕೋರರ ಮನೆಯಲ್ಲೇ ವೃದ್ಧ ಸಿಖ್ ದಂಪತಿಗೆ ಆಸರೆ ಸಿಗುವ ಭಾಗದವರೆಗೆ ಬರದವರು ‘ತಮಸ್’ ಏನೆಂದು ಹೇಳಲಾರರು. ಆ ಮನೆಯ ಹೆಂಗಸಾಗಿ ನಟಿಸಿದ ಸುರೇಖಾ ಸಿಕ್ರಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ವೃದ್ಧ ಹರನಾಮ್ ಸಿಂಗನ ಪಾತ್ರದಲ್ಲಿರುವವರು ಸ್ವತಃ ಭೀಷ್ಮ ಸಾಹನಿ, ರಾವಲ್ಪಿಂಡಿಯ ಗಲಭೆಯನ್ನು ಕಣ್ಣಾರೆ ಕಂಡವರು. ಒಂದು ಭಾನುವಾರವನ್ನು ಇದಕ್ಕೆಂದೇ ತೆಗೆದಿಡಿ. ಸಣ್ಣ ಮಕ್ಕಳನ್ನು ಮಾತ್ರ ಜೊತೆಗೆ ಕೂರಿಸಬೇಡಿ.

ಎರಡನೆಯದು ಅಮೆರಿಕದ ‘ದಿ ವೈರ್’. 2002ರಿಂದ 2008ರವರೆಗೆ ಎಚ್‌ಬಿಒ ವಾಹಿನಿಯಲ್ಲಿ ಐದು ಸೀಸನ್ನುಗಳಾಗಿ ಬಂದ ಇದರಲ್ಲಿ ಒಟ್ಟು 60 ಕಂತುಗಳಿವೆ. ಇದನ್ನು ಸೃಷ್ಟಿಸಿದ ಡೇವಿಡ್ ಸೈಮನ್ ಬಾಲ್ಟಿಮೋರ್ ನಗರದ ಪತ್ರಿಕೆಯೊಂದರಲ್ಲಿ ಅಪರಾಧ ವರದಿಗಾರರಾಗಿದ್ದವರು; ಜೊತೆಗೆ ಬರೆದ ಎಡ್ ಬರ್ನ್ಸ್ ಅದೇ ನಗರದ ಪೊಲೀಸ್ ಪತ್ತೇದಾರರಾಗಿದ್ದು, ಬಳಿಕ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವರು. ಮಾದಕವಸ್ತು ಮಾರುವ ಹುಡುಗರು ಮತ್ತು ಅವರ ಫೋನು ಕದ್ದಾಲಿಸುವ ಪೊಲೀಸರಿಂದ ಆರಂಭವಾಗುವ ಕಥೆ ಎರಡನೆಯ ಸೀಸನ್ನಿನಲ್ಲಿ ಬಂದರಿನ ಕಾರ್ಮಿಕರ ಕಡೆಗೆ, ಮೂರನೆಯದರಲ್ಲಿ ನಗರದ ರಾಜಕಾರಣದ ಕಡೆಗೆ, ನಾಲ್ಕನೆಯದರಲ್ಲಿ ಶಾಲೆಯ ಕಡೆಗೆ, ಕೊನೆಯದರಲ್ಲಿ ಪತ್ರಿಕಾ ಕಚೇರಿಯ ಕಡೆಗೆ ಹೊರಳುತ್ತದೆ. ಇಡೀ ನಗರವೇ ಇಲ್ಲಿನ ಮುಖ್ಯ ಪಾತ್ರ ಎನ್ನಬಹುದು.

ಇದನ್ನು ಬಿಡದೆ ಯಾಕೆ ನೋಡಬೇಕೆಂಬುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ಮೊದಲ ಸೀಸನ್ನಿನ ಮೂರನೆಯ ಕಂತಿನಲ್ಲಿ, ವಸತಿ ಸಮುಚ್ಚಯದ ಅಂಗಳದಲ್ಲಿ ಬೋಡಿ ಮತ್ತು ವಾಲೇಸ್ ಎಂಬ ಹುಡುಗರು ಚದುರಂಗದ ಕಾಯಿಗಳನ್ನಿಟ್ಟುಕೊಂಡು ಬೇರೇನೋ ಆಟ ಆಡುತ್ತಿರುತ್ತಾರೆ. ಅವರಿಗಿಂತ ಸ್ವಲ್ಪ ದೊಡ್ಡವನಾದ ಡಿ’ಆಂಜೆಲೋ ಬಂದು, ಇಷ್ಟು ಒಳ್ಳೆಯ ಆಟವನ್ನು ಹೀಗೆ ಕೆಡಿಸಬಾರದೆಂದು ಅವರಿಗೆ ನಿಯಮ ಹೇಳಿಕೊಡುತ್ತಾನೆ. ರಾಜ ಕೊನೆಯವರೆಗೂ ರಾಜನೇ, ಪದಾತಿಗಳು ಬೇಗ ಸಾಯುತ್ತವೆ ಎಂದು ಅವನು ವಿವರಿಸುವಾಗ, ಆಚೆ ತುದಿಯವರೆಗೆ ಬದುಕಿ ಹೋದ ಪದಾತಿಯ ಗತಿ ಏನೆಂದು ಬೋಡಿ ಆಸೆಯಿಂದ ಕೇಳುತ್ತಾನೆ. ದೃಶ್ಯ ಅಲ್ಲಿಗೆ ಮುಗಿಯುತ್ತದೆ. ನಾಲ್ಕನೆಯ ಸೀಸನ್ನಿನ ಕೊನೆಯ ಕಂತಿನಲ್ಲಿ, ಪೊಲೀಸ್ ಅಧಿಕಾರಿಯೊಬ್ಬನ ಪಕ್ಕ ಕೂತು ತನ್ನ ಬದುಕನ್ನು ಲೆಕ್ಕ ಹಾಕುವಾಗ ಬೋಡಿಯ ಬಾಯಿಗೆ ಅದೇ ಚದುರಂಗದ ಮಣೆಯ ಮಾತು ಬರುತ್ತದೆ. ಪ್ರಸಾರದ ಕಾಲದಲ್ಲಿ ಈ ಎರಡು ದೃಶ್ಯಗಳ ನಡುವೆ ನಾಲ್ಕು ವರ್ಷಗಳ ಅಂತರವಿತ್ತು. ಎಷ್ಟು ಮಂದಿಗೆ ಮೊದಲನೆಯದು ನೆನಪಿದ್ದೀತು? ಕೆಲವು ವಾರಗಳೊಳಗೆ ನೋಡಿ ಮುಗಿಸುವವರಿಗೆ ಆ ಅಂಗಳ, ಆ ಹುಡುಗನ ಆಸೆಯ ಕಣ್ಣು ಇನ್ನೂ ಹಸಿಯಾಗಿರುತ್ತವೆ, ಹಾಗಾಗಿ ಅವನ ಮಾತು ನೇರವಾಗಿ ನಾಟುತ್ತದೆ. ಈ ಸರಣಿಯಲ್ಲಿ ಇಂಥ ಎಳೆಗಳು ಬಹಳಷ್ಟಿವೆ.

ಮೊದಲ ಮೂರು ಕಂತುಗಳು ನಿಧಾನವೆನಿಸುತ್ತವೆ, ಯಾರು ಯಾರೆಂದು ತಿಳಿಯುವುದಿಲ್ಲ, ಬಾಲ್ಟಿಮೋರಿನ ಬೀದಿಯ ಇಂಗ್ಲಿಷ್ ಕಿವಿಗೆ ಹಿಡಿಯುವುದಿಲ್ಲ. ಸಬ್‌ಟೈಟಲ್ ಹಾಕಿಕೊಂಡು ನಾಲ್ಕನೆಯ ಕಂತಿನವರೆಗೆ ತಾಳ್ಮೆ ವಹಿಸಿದವರು ಅನಂತರ ಬಿಡಲಾರರು. ಸಮಯ ಕಡಿಮೆ ಎನ್ನುವವರು ನಾಲ್ಕನೆಯ ಸೀಸನ್ನನ್ನು ಮಾತ್ರ ನೋಡಬಹುದೇ ಎಂದು ಕೇಳುವುದುಂಟು. ನಾಲ್ವರು ಶಾಲಾ ಹುಡುಗರ ಕಥೆಯಾದ ಅದು ನನ್ನ ಮಟ್ಟಿಗೆ ಟೆಲಿವಿಷನ್ ಮಾಧ್ಯಮದ ಅತ್ಯುತ್ತಮ ಕೆಲಸಗಳಲ್ಲಿ ಒಂದು. ಆದರೂ ಬೇಡವೆನ್ನುತ್ತೇನೆ. ಆ ಹುಡುಗರು ಮುಂದೆ ಯಾರಾಗಲಿದ್ದಾರೆ ಎಂಬುದು ತಿಳಿಯಬೇಕಾದರೆ ಮೊದಲ ಮೂರರಲ್ಲಿ ದೊಡ್ಡವರಾಗಿರುವವರನ್ನು ನೋಡಿರಲೇಬೇಕು.

ಇನ್ನು ಹಾಸ್ಯ. ಬಿಬಿಸಿಯ ‘ಯೆಸ್ ಮಿನಿಸ್ಟರ್’ ಮತ್ತು ಅದರ ಮುಂದುವರಿಕೆಯಾದ ‘ಯೆಸ್, ಪ್ರೈಮ್ ಮಿನಿಸ್ಟರ್’ 1980ರಿಂದ 1988ರ ನಡುವೆ ಬಂದವು. ಎರಡೂ ಸೇರಿ 38 ಕಂತುಗಳು. ಬರೆದವರು ಆಂಟನಿ ಜೇ ಮತ್ತು ಜೊನಾಥನ್ ಲಿನ್. ಆಡಳಿತವನ್ನು ಸುಧಾರಿಸುವ ಹುರುಪಿನಲ್ಲಿ ಬಂದ ಮಂತ್ರಿ ಜಿಮ್ ಹ್ಯಾಕರ್, ಯಾವುದಕ್ಕೂ ‘ಆಗುವುದಿಲ್ಲ’ ಎಂದು ನೇರವಾಗಿ ಹೇಳದೆ ಏನೂ ಆಗದಂತೆ ನೋಡಿಕೊಳ್ಳುವ ಇಲಾಖಾ ಕಾರ್ಯದರ್ಶಿ ಸರ್ ಹಂಫ್ರಿ, ಇಬ್ಬರ ನಡುವೆ ಸಿಕ್ಕಿಕೊಂಡ ಆಪ್ತ ಕಾರ್ಯದರ್ಶಿ ಬರ್ನಾರ್ಡ್. ಸರ್ಕಾರಿ ಕಚೇರಿಗಳಿಗೆ ಓಡಾಡಿದ ಯಾವ ಕನ್ನಡಿಗನಿಗೂ ಈ ಮೂವರ ಪರಿಚಯ ಮಾಡಿಕೊಡಬೇಕಿಲ್ಲ. ಒಂದು ಕಂತಿನಲ್ಲಿ ಹೊಸ ಆಸ್ಪತ್ರೆಯೊಂದನ್ನು ಮಂತ್ರಿಗಳು ನೋಡಲು ಹೋಗುತ್ತಾರೆ. ಅಲ್ಲಿ ಆಡಳಿತ ಮತ್ತು ಸಹಾಯಕ ಸಿಬ್ಬಂದಿ ಐನೂರು ಜನ ಇದ್ದಾರೆ, ಡಾಕ್ಟರುಗಳಿಲ್ಲ, ನರ್ಸುಗಳಿಲ್ಲ, ಒಬ್ಬ ರೋಗಿಯೂ ಇಲ್ಲ. ಆದರೂ ಎಲ್ಲರಿಗೂ ಕೈತುಂಬ ಕೆಲಸವಿದೆ. ಅತ್ಯಂತ ಸ್ವಚ್ಛ ಆಸ್ಪತ್ರೆಯೆಂಬ ಪ್ರಶಸ್ತಿಯ ಹೆಮ್ಮೆಯೂ ಅದಕ್ಕಿದೆ. ಈ ಕಂತನ್ನು ಬಿಡಿಯಾಗಿ ನೋಡಿದರೂ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ.

ಸಾಲಾಗಿ ನೋಡಿದವರಿಗೆ ಬೇರೊಂದು ಕಥೆ ಕಾಣುತ್ತದೆ, ಅದಕ್ಕೇ ಇದು ನನ್ನ ಆಯ್ಕೆಯಲ್ಲಿದೆ. ಮೊದಲ ಸರಣಿಯ ಹ್ಯಾಕರ್ ಹೆಚ್ಚಿನ ಸಲ ಸೋಲುತ್ತಾನೆ. ಬರಬರುತ್ತಾ ಅವನು ಹಂಫ್ರಿಯ ಪಟ್ಟುಗಳನ್ನು ಕಲಿಯುತ್ತಾನೆ, ಅವುಗಳನ್ನು ಅವನ ಮೇಲೆಯೇ ಪ್ರಯೋಗಿಸುತ್ತಾನೆ. 1984ರ ಕ್ರಿಸ್‌ಮಸ್ ವಿಶೇಷ ಕಂತಿನಲ್ಲಿ ಅವನು ಪ್ರಧಾನಿ ಪಟ್ಟಕ್ಕೇರುತ್ತಾನೆ. ಅನಂತರದ ‘ದಿ ಕೀ’ ಎಂಬ ಕಂತಿನಲ್ಲಿ ಪ್ರಧಾನಿ ನಿವಾಸಕ್ಕೆ ಹೋಗುವ ಬಾಗಿಲಿನ ಬೀಗದ ಕೈಯನ್ನು ಹಂಫ್ರಿಯಿಂದ ಕಿತ್ತುಕೊಂಡಾಗ, ಅಷ್ಟು ಗಂಭೀರನಾದ ಮನುಷ್ಯ ಹೊರಗೆ ನಿಂತು ಪರದಾಡುವುದನ್ನು ನೋಡಬೇಕು. ಹಿಂದಿನ ಇಪ್ಪತ್ತಕ್ಕೂ ಹೆಚ್ಚು ಕಂತುಗಳಲ್ಲಿ ಅವನು ಎಷ್ಟು ಬಾಗಿಲುಗಳನ್ನು ಮುಚ್ಚಿಸಿದ್ದನೆಂಬುದು ನೆನಪಿರುವವರಿಗೆ ಆ ದೃಶ್ಯದ ರುಚಿ ಇಮ್ಮಡಿ. ಒಳ್ಳೆಯ ಆಶಯದ ಮನುಷ್ಯನೊಬ್ಬ ಅಧಿಕಾರದ ಕಲೆಯನ್ನು ಕಲಿಯುತ್ತಾ ಆ ಆಶಯವನ್ನೇ ಎಷ್ಟೆಷ್ಟು ಕಳೆದುಕೊಂಡ ಎಂಬ ಪ್ರಶ್ನೆಯೂ ನಗುವಿನ ಅಡಿಯಲ್ಲಿ ಉಳಿಯುತ್ತದೆ. ಇದೇ ಸರಣಿಯನ್ನು 2001ರಲ್ಲಿ ಫಾರೂಕ್ ಶೇಖ್ ಅವರ ಅಭಿನಯದಲ್ಲಿ ‘ಜೀ ಮಂತ್ರೀಜಿ’ ಎಂದು ಹಿಂದಿಗೆ ತಂದಿದ್ದರು. ಹಳ್ಳಿಯ ಮಟ್ಟದ ಆಡಳಿತವನ್ನು ಅಷ್ಟೇ ಪ್ರೀತಿಯಿಂದ ನೋಡಬಯಸುವವರಿಗೆ 2020ರಲ್ಲಿ ಆರಂಭವಾದ ‘ಪಂಚಾಯತ್’ ಇದೆ. ಅದರ ಮೊದಲ ಎರಡು ಸೀಸನ್ನುಗಳನ್ನು ನಿಶ್ಚಿಂತೆಯಿಂದ ಸೂಚಿಸುತ್ತೇನೆ. ಬಳಿಕ ರಾಜಕೀಯದ ಜಗಳ ಹೆಚ್ಚಾಗಿ ಮೊದಲಿನ ಹದ ತಪ್ಪಿದೆಯೆಂದು ನನಗನ್ನಿಸುತ್ತದೆ.

ಕನ್ನಡಿಗರ ಸಭೆಯಲ್ಲಿ ‘ಮಾಲ್ಗುಡಿ ಡೇಸ್’ ಬಗ್ಗೆ ಹೇಳದೆ ಹೋಗಲಾಗದು. ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ, 1980ರ ದಶಕದ ನಡುವಿನಲ್ಲಿ ದೂರದರ್ಶನದ ಮೂಲಕ ದೇಶದ ಮನೆಮನೆಗೂ ತಲುಪಿಸಿದರು. ರೇಖಾಚಿತ್ರಗಳು ಆರ್. ಕೆ. ಲಕ್ಷ್ಮಣ್ ಅವರವು, ಇಂದಿಗೂ ಎಲ್ಲರ ನಾಲಿಗೆಯಲ್ಲಿರುವ ಆ ರಾಗ ಎಲ್. ವೈದ್ಯನಾಥನ್ ಅವರದು. ನನ್ನ ಅಭಿಪ್ರಾಯ ಹೇಳಿದರೆ ಕೆಲವರಿಗೆ ಬೇಸರವಾಗಬಹುದು: ಇದರ ಬಿಡಿ ಕಥೆಗಳನ್ನು ಒಂದೇ ಪಟ್ಟಿಗೆ ನೋಡಬಾರದು. ಸಣ್ಣಕಥೆಯೆಂಬುದು ಮುಗಿದ ಮೇಲೆ ಮನಸ್ಸಿನಲ್ಲಿ ಒಂದಷ್ಟು ಹೊತ್ತು ಕೆಲಸ ಮಾಡಬೇಕು. ಅಷ್ಟರಲ್ಲಿ ಇನ್ನೊಂದು ಕಥೆಯ ಪಾತ್ರಗಳು ಬಂದು ಕೂತರೆ ಮೊದಲಿನವರು ಎದ್ದು ಹೋಗುತ್ತಾರೆ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು. ಆದರೆ ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ, ಗಿರೀಶ ಕಾರ್ನಾಡರು ಅವನ ತಂದೆಯಾಗಿ ನಟಿಸಿದ ‘ಸ್ವಾಮಿ ಮತ್ತು ಗೆಳೆಯರು’ ಭಾಗ, ಹಾಗೂ ಅನಂತ್ ನಾಗ್ ಜಗನ್ ಆಗಿ ಕಾಣುವ ‘ಮಿಠಾಯಿವಾಲಾ’ ಭಾಗ, ಇವೆರಡೂ ಕಾದಂಬರಿಗಳಿಂದ ಬಂದ ಒಂದೇ ಓಟದ ಕಥೆಗಳು. ಒಂದೊಂದನ್ನು ಒಂದೊಂದು ಸಂಜೆಗೆ ಇಟ್ಟುಕೊಳ್ಳಿ. ಗಾಂಧಿ ಅನುಯಾಯಿಯಾದ ತಂದೆ ಜಗನ್ ಮತ್ತು ಅಮೆರಿಕದಿಂದ ಹಿಂತಿರುಗಿದ ಮಗನ ನಡುವಿನ ಮೌನ ಜಗನ್‌ನ ಮುಖದಲ್ಲಿ ಹೇಗೆ ಗಾಢವಾಗುತ್ತಾ ಹೋಗುತ್ತದೆ ಎಂಬುದು ಆಗಲೇ ತಿಳಿಯುವುದು.

ನಮ್ಮ ದೈನಿಕ ಧಾರಾವಾಹಿಗಳು, ಟಿ. ಎನ್. ಸೀತಾರಾಮ್ ಬಳಗದ ‘ಮಾಯಾಮೃಗ’ದಂಥ ಒಳ್ಳೆಯವೂ ಸೇರಿ, ಈ ಮಾತಿನ ವ್ಯಾಪ್ತಿಗೆ ಬರುವುದಿಲ್ಲ. ದಿನವೂ ಮನೆಗೆ ಬಂದುಹೋಗುವ ನೆಂಟರಂತೆ ಇರಲೆಂದೇ ಅವನ್ನು ಕಟ್ಟಿದ್ದಾರೆ. ಅವನ್ನು ಹಾಗೆಯೇ ನೋಡಬೇಕು.

ಸಾಕ್ಷ್ಯಚಿತ್ರಗಳಿಗೆ ಹೋಗುವ ಮುನ್ನ, ಸಾಕ್ಷ್ಯಚಿತ್ರವೆಂದು ಅನೇಕರು ಭಾವಿಸಿರುವ ಒಂದು ನಾಟಕದ ಬಗ್ಗೆ ಎರಡು ಮಾತು. 2019ರಲ್ಲಿ ಬಂದ ‘ಚೆರ್ನೋಬಿಲ್’ ಐದೇ ಕಂತುಗಳದು, ಒಂದು ದಿನದಲ್ಲಿ ಮುಗಿಯುತ್ತದೆ, ಮುಗಿಸಬೇಕು ಕೂಡ. 1986ರ ಏಪ್ರಿಲ್ 26ರ ನಡುರಾತ್ರಿಯ ನಂತರ ಚೆರ್ನೋಬಿಲ್ ಅಣುವಿದ್ಯುತ್ ಕೇಂದ್ರದ ನಾಲ್ಕನೆಯ ಸ್ಥಾವರ ಸ್ಫೋಟಿಸಿದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಕೊನೆಯ ಕಂತಿನಲ್ಲಿ. ವಿಜ್ಞಾನಿ ಲೆಗಾಸೊವ್ ನ್ಯಾಯಾಲಯದಲ್ಲಿ ಕೆಂಪು ಮತ್ತು ನೀಲಿ ಫಲಕಗಳನ್ನು ಒಂದೊಂದಾಗಿ ಜೋಡಿಸುತ್ತಾ, ಸ್ಥಾವರದ ಶಕ್ತಿಯನ್ನು ಏರಿಸುವುದು ಯಾವುದು, ತಗ್ಗಿಸುವುದು ಯಾವುದು ಎಂದು ವಿವರಿಸುವ ಪರಿ ಎಷ್ಟು ಸ್ಪಷ್ಟವೆಂದರೆ ಭೌತಶಾಸ್ತ್ರ ಓದದವರಿಗೂ ಅದು ಅರ್ಥವಾಗುತ್ತದೆ. ಆದರೆ ನಿಜವಾದ ಲೆಗಾಸೊವ್ ಆ ವಿಚಾರಣೆಯಲ್ಲಿ ಇರಲಿಲ್ಲ, ಉಲಾನಾ ಖೊಮ್ಯುಕ್ ಎಂಬ ವಿಜ್ಞಾನಿ ಅನೇಕರನ್ನು ಸೇರಿಸಿ ಕಟ್ಟಿದ ಕಾಲ್ಪನಿಕ ಪಾತ್ರ. ಇದನ್ನು ತಿಳಿದುಕೊಂಡೇ ನೋಡಿ. ಕೃತಿಯ ಬಲ ಅದರಿಂದ ಕುಗ್ಗುವುದಿಲ್ಲ.

ಸಾಕ್ಷ್ಯಚಿತ್ರಗಳಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಇಂಗ್ಲೆಂಡಿನ ‘ಅಪ್’ ಸರಣಿ. 1964ರಲ್ಲಿ ಗ್ರನಾಡಾ ಟೆಲಿವಿಷನ್ ಬೇರೆ ಬೇರೆ ಸಾಮಾಜಿಕ ಹಿನ್ನೆಲೆಯ, ಏಳು ವರ್ಷದ 14 ಮಕ್ಕಳನ್ನು ಮಾತಾಡಿಸಿ ‘ಸೆವೆನ್ ಅಪ್’ ಎಂಬ ಚಿತ್ರ ಮಾಡಿತು. ಏಳರಲ್ಲಿ ಕಂಡ ಮಗುವಿನೊಳಗೆ ಮುಂದಿನ ಮನುಷ್ಯ ಕಾಣುತ್ತಾನೆಯೇ ಎಂಬುದು ಅದರ ಪ್ರಶ್ನೆ. ಮೊದಲ ಚಿತ್ರಕ್ಕೆ ಸಂಶೋಧಕರಾಗಿದ್ದ ಮೈಕೆಲ್ ಆಪ್ಟೆಡ್ ಮುಂದೆ ನಿರ್ದೇಶನದ ಹೊಣೆ ಹೊತ್ತು, ಪ್ರತಿ ಏಳು ವರ್ಷಕ್ಕೊಮ್ಮೆ ಅದೇ ಜನರ ಬಳಿಗೆ ಮರಳಿದರು. 2019ರ ‘63 ಅಪ್’ವರೆಗೆ ಒಟ್ಟು ಒಂಬತ್ತು ಚಿತ್ರಗಳಾದವು, 2021ರ ಜನವರಿಯಲ್ಲಿ ಆಪ್ಟೆಡ್ ತೀರಿಕೊಂಡರು.

ಇದರಲ್ಲಿ ನೀಲ್ ಎಂಬ ಹುಡುಗನಿದ್ದಾನೆ. ಏಳರಲ್ಲಿ ಲಿವರ್‌ಪೂಲ್‌ನ ಹೊರವಲಯದಲ್ಲಿ ಕುಣಿದಾಡುವ, ಗಗನಯಾತ್ರಿಯಾಗುವೆ, ಇಲ್ಲವಾದರೆ ಬಸ್ಸು ಓಡಿಸುವೆ ಎನ್ನುವ ಕಣ್ಣರಳಿಸಿದ ಮಗು. ಇಪ್ಪತ್ತೊಂದರಲ್ಲಿ ಲಂಡನ್ನಿನಲ್ಲಿ ಖಾಲಿ ಮನೆಯೊಂದರಲ್ಲಿ ಬಿಡಾರ ಹೂಡಿ ಕಟ್ಟಡ ಕಾಮಗಾರಿಯಲ್ಲಿ ದುಡಿಯುತ್ತಿದ್ದಾನೆ. ಇಪ್ಪತ್ತೆಂಟರಲ್ಲಿ ಸ್ಕಾಟ್ಲೆಂಡಿನಲ್ಲಿ ನೆಲೆಯಿಲ್ಲದೆ ಅಲೆಯುತ್ತಿದ್ದಾನೆ. ಅದನ್ನು ನೋಡಿದಾಗ ಇವನ ಕಥೆ ಇಷ್ಟೇ ಎಂದು ಯಾರಿಗಾದರೂ ಅನ್ನಿಸುತ್ತದೆ. ನಲವತ್ತೆರಡರಲ್ಲಿ ಅವನು ಲಂಡನ್ನಿನ ಹ್ಯಾಕ್ನಿಯಲ್ಲಿ ಜನರಿಂದ ಆಯ್ಕೆಯಾದ ಕೌನ್ಸಿಲರ್. ಲಂಡನ್ನಿಗೆ ಮರಳಿದಾಗ ಅವನಿಗೆ ತನ್ನ ಮನೆಯಲ್ಲಿ ಜಾಗ ಕೊಟ್ಟವನು ಇದೇ ಸರಣಿಯಲ್ಲಿದ್ದ ಇನ್ನೊಬ್ಬ ಹುಡುಗ ಬ್ರೂಸ್, ಬಾಂಗ್ಲಾದೇಶದ ಸಿಲ್ಹೆಟ್‌ಗೂ ಹೋಗಿ ಮಕ್ಕಳಿಗೆ ಪಾಠ ಹೇಳಿದ ಶಿಕ್ಷಕ. ಮೂಲದಲ್ಲಿ ಇದನ್ನು ನೋಡಿದವರು ನೀಲ್‌ನ ಬಗ್ಗೆ ಏಳೇಳು ವರ್ಷ ಕಾದರು. ನಾವು ಒಂಬತ್ತು ಸಂಜೆಗಳಲ್ಲಿ ಐವತ್ತಾರು ವರ್ಷಗಳ ಬದುಕನ್ನು ನೋಡುತ್ತೇವೆ, ಮುಖಗಳು ಕಣ್ಣೆದುರೇ ಸುಕ್ಕುಗಟ್ಟುತ್ತವೆ. ಸಂಜೆಗೊಂದೇ ಎನ್ನಲು ಕಾರಣವಿದೆ: ಪ್ರತಿ ಚಿತ್ರದಲ್ಲೂ ಹಿಂದಿನ ಚಿತ್ರಗಳ ತುಣುಕುಗಳು ಮರಳಿ ಬರುವುದರಿಂದ ಒಂದೇ ದಿನ ಮೂರು ನೋಡಿದರೆ ಬೇಸರ ಬರುತ್ತದೆ. 14 ಮಕ್ಕಳಲ್ಲಿ ನಾಲ್ವರೇ ಹುಡುಗಿಯರು ಎಂಬುದು ಈ ಸರಣಿಯ ದೊಡ್ಡ ಕೊರತೆ. ಆ ಹುಡುಗಿಯರಿಗೆ ಮದುವೆ-ಮಕ್ಕಳ ಬಗ್ಗೆಯೇ ಹೆಚ್ಚು ಪ್ರಶ್ನೆ ಕೇಳಿದ್ದನ್ನು ಅವರೇ ದೊಡ್ಡವರಾದ ಮೇಲೆ ನಿರ್ದೇಶಕರ ಮುಖಕ್ಕೆ ಹೇಳುತ್ತಾರೆ. ಆ ಮಾತನ್ನು ಕತ್ತರಿಸದೆ ಉಳಿಸಿಕೊಂಡದ್ದು ದೊಡ್ಡ ಗುಣ.

ಇತಿಹಾಸದ ಆಸಕ್ತರಿಗೆ 1973ರ ‘ದಿ ವರ್ಲ್ಡ್ ಅಟ್ ವಾರ್’. 26 ಕಂತುಗಳು, ನಿರೂಪಣೆ ಲಾರೆನ್ಸ್ ಒಲಿವಿಯರ್ ಅವರದು. ಎರಡನೆಯ ಮಹಾಯುದ್ಧದಲ್ಲಿ ಪಾಲ್ಗೊಂಡವರು, ನರಳಿದವರು ಇನ್ನೂ ಬದುಕಿದ್ದ ಕಾಲದಲ್ಲಿ ಅವರನ್ನೇ ಕೂರಿಸಿ ಮಾತಾಡಿಸಿದ್ದರಿಂದ ಇಂಥದ್ದನ್ನು ಮತ್ತೆ ಯಾರೂ ಮಾಡಲಾರರು. ಬರ್ಮಾ ರಂಗದ ಕಂತು ನಮ್ಮ ಸೈನಿಕರ ಕಾರಣಕ್ಕೆ ನಮಗೆ ಹತ್ತಿರದ್ದು. ದಿನಕ್ಕೆ ಒಂದೇ ಸಾಕು. ಯಹೂದಿಗಳ ನರಮೇಧದ ಕಂತಿನ ನಂತರ ಒಂದು ದಿನ ಏನನ್ನೂ ನೋಡದಿರುವುದು ಮೇಲು.

ಮಾತು ಮುಗಿದ ಮೇಲೆ ತಾಯಿಯೊಬ್ಬರು ಎದ್ದು ನಿಂತು, “ನೀವು ಹೇಳಿದ್ದರಲ್ಲಿ ಹೆಚ್ಚಿನವು ಇಂಗ್ಲಿಷಿನವು ಸರ್. ನಮ್ಮ ಮನೆಯಲ್ಲಿ ಅತ್ತೆಯೂ ಇದ್ದಾರೆ, ಎಂಟು ವರ್ಷದ ಮಗಳೂ ಇದ್ದಾಳೆ. ಎಲ್ಲರೂ ಒಟ್ಟಿಗೆ ಕೂತು ನೋಡುವಂಥದ್ದು ಏನಿದೆ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅವರಿಗೆ ನಾನು ಹೇಳಿದ್ದು ಇದು: ‘ವೈಲ್ಡ್ ಕರ್ನಾಟಕ’ದಿಂದ ಶುರು ಮಾಡಿ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ನಮ್ಮದೇ ಕಾಡು, ನದಿ, ಕರಾವಳಿಗಳಲ್ಲಿ ವರ್ಷಗಟ್ಟಲೆ ಚಿತ್ರೀಕರಿಸಿದ ಈ ಸಾಕ್ಷ್ಯಚಿತ್ರ ಒಂದು ಗಂಟೆಗಿಂತ ಕಡಿಮೆ ಅವಧಿಯದು. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ನಿರೂಪಿಸಿದ್ದಾರೆ, ಕನ್ನಡದಲ್ಲಿ ರಿಷಬ್ ಶೆಟ್ಟಿಯವರ ದನಿಯಿದೆ. ಅತ್ತೆಯವರ ಜೊತೆ ಕನ್ನಡದ್ದನ್ನೇ ಹಾಕಿ. ಮಾರನೆಯ ದಿನ ‘ಸ್ವಾಮಿ ಮತ್ತು ಗೆಳೆಯರು’ ಶುರು ಮಾಡಿ, ಹಿಂದಿ ತಿಳಿಯದ ಕಡೆ ನೀವೇ ಮಗಳಿಗೆ ಕಥೆ ಹೇಳಿ. ‘ತಮಸ್’ ಮಾತ್ರ ಅವಳು ಹೈಸ್ಕೂಲು ಮುಗಿಸುವವರೆಗೂ ಕಾಯಲಿ.